ಗಿಲ್ಮೋರ್ ಪಿಯಾನೋ ಉತ್ಸವ: ಬರೆದ ಸಂಗೀತವೂ ಬೆಳೆಸುವ ಸಂಗೀತವೂ

ಕಾವ್ಯಕ್ಕೆ ಕಾರಣವೇನೆಂದು ವಿಚಾರಿಸುವಲ್ಲಿ ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನು ಎಣಿಸಿ, ಇವು ಮೂರು ಬೇರೆ ಬೇರೆ ಕಾರಣಗಳಲ್ಲ, ಮೂರೂ ಕೂಡಿ ಒಂದೇ ಕಾರಣವೆಂದು ನಿರ್ಣಯಿಸಿದನು. ಸಂಗೀತಕ್ಕೂ ಈ ನಿರ್ಣಯವು ಸಲ್ಲತಕ್ಕುದೇ. ಆದರೆ ಲೋಕವು ಕೂಡಿದ್ದುದನ್ನು ಒಡೆದು ನೋಡುವುದರಲ್ಲಿ ಚತುರವಾದುದು. ಬರೆದಿಟ್ಟುದನ್ನು ಪ್ರಮಾದವಿಲ್ಲದೆ ಒಪ್ಪಿಸುವುದೇ ವಿದ್ಯೆಯೆಂದು ಕೆಲವರು, ಆ ಕ್ಷಣಕ್ಕೆ ಹೊಳೆದುದನ್ನು ನುಡಿಸುವುದೇ ಪ್ರತಿಭೆಯೆಂದು ಕೆಲವರು ಪಕ್ಷ ಕಟ್ಟುತ್ತಾರೆ. ಪಾಶ್ಚಾತ್ಯರ ಪಿಯಾನೋ ವಾದನದಲ್ಲಿ ಈ ಎರಡು ಪಕ್ಷಗಳು ಶಾಸ್ತ್ರೀಯವೆಂದೂ ಜಾಜ್ ಎಂದೂ ಎರಡು ಮನೆಗಳಾಗಿ ನಿಂತಿವೆ. ಎರಡನ್ನೂ ಒಂದೇ ಚಪ್ಪರದ ಕೆಳಗೆ ಕರೆತಂದ ಗಿಲ್ಮೋರ್ ಪಿಯಾನೋ ಉತ್ಸವವು ಈ ಕಾರಣದಿಂದ ಸಂಗೀತಜ್ಞರಿಗಷ್ಟೇ ಅಲ್ಲದೆ ಸಾಹಿತ್ಯರಸಿಕರಿಗೂ ವಿಚಾರಾರ್ಹವಾಗಿದೆ.

ಅಮೆರಿಕದ ಮಿಷಿಗನ್ ಸಂಸ್ಥಾನದ ಕಲಮಜೂ ದೊಡ್ಡ ನಗರವೇನೂ ಅಲ್ಲ. ಅಲ್ಲಿಯ ವರ್ತಕ ಕುಟುಂಬವೊಂದಕ್ಕೆ ಸೇರಿದ ಅರ್ವಿಂಗ್ ಗಿಲ್ಮೋರ್ ಎಂಬಾತನು ಪಿಯಾನೋವನ್ನು ಬಹುವಾಗಿ ಪ್ರೀತಿಸಿದವನು. ಆತನು ಕಾಲವಾದ ಮೇಲೆ ಆತನ ಹೆಸರಿನಲ್ಲಿಯೇ 1991ರಲ್ಲಿ ಮೊದಲ ಉತ್ಸವವು ನಡೆಯಿತು. ಈಗ ಎರಡು ವರ್ಷಗಳಿಗೊಮ್ಮೆ ಉತ್ಸವವು ಕೂಡುತ್ತದೆ. ನಡುವಣ ತಿಂಗಳುಗಳಲ್ಲಿಯೂ ಕಚೇರಿಗಳು ಸಾಗುತ್ತವೆ. ಒಂದು ಸಂಜೆ ಬೇಥೋವನನ ಸೊನಾಟವನ್ನು ಕೇಳಿದ ಊರು ಮತ್ತೊಂದು ಸಂಜೆ ಜಾಜ್ ವಾದಕನ ಸ್ವೇಚ್ಛಾಕಲ್ಪನೆಯನ್ನು ಕೇಳಬಹುದು.

ಇಬ್ಬರಿಗೂ ವಾದ್ಯವು ಒಂದೇ ಎಂಬುದನ್ನು ಮೊದಲು ಗಮನಿಸಬೇಕು. ಕ್ರಿ. ಶ. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ಕ್ರಿಸ್ಟೊಫೋರಿ ಎಂಬ ಶಿಲ್ಪಿಯು ಪುಟ್ಟ ಸುತ್ತಿಗೆಗಳಿಂದ ತಂತಿಯನ್ನು ಬಡಿಯುವ ಯಂತ್ರವನ್ನು ರಚಿಸಿದನು. ಇಂದಿನ ಪಿಯಾನೋದಲ್ಲಿ 88 ಮನೆಗಳಿವೆ. ಬೆರಳಿನ ಒತ್ತಡಕ್ಕೆ ತಕ್ಕಂತೆ ನಾದವು ಮೃದುವೂ ಗಂಭೀರವೂ ಆಗುವುದು ಇದರ ಗುಣ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ದಾರಿಯಿಲ್ಲದಿರುವುದು ಇದರ ದೋಷ. ವೀಣೆಯ ಗಮಕಕ್ಕೆ ಪಳಗಿದ ಕಿವಿಗೆ ಈ ಕೊರತೆಯು ಒಡನೆಯೇ ತಿಳಿಯುತ್ತದೆ. ಶಾಸ್ತ್ರೀಯ ರಚನಕಾರರು ಅನೇಕ ಸ್ವರಗಳನ್ನು ಒಟ್ಟಿಗೆ ಹೊಂದಿಸುವ ಸಂಪತ್ತಿನಿಂದ ಆ ಕೊರತೆಯನ್ನು ಮರೆಯಿಸಿದರು. ಜಾಜ್ ವಾದಕರು ಬೇರೆಯ ಉಪಾಯವನ್ನು ಹಿಡಿದರು: ಪಕ್ಕಪಕ್ಕದ ಎರಡು ಮನೆಗಳನ್ನು ಒಟ್ಟಿಗೆ ಒತ್ತಿ, ಅವುಗಳ ಘರ್ಷಣೆಯಿಂದಲೇ ನಡುವೆ ಇಲ್ಲದ ಸ್ವರವೊಂದರ ಭ್ರಾಂತಿಯನ್ನು ಹುಟ್ಟಿಸಿದರು. ಥೆಲೋನಿಯಸ್ ಮಂಕನ ವಾದನದಲ್ಲಿ ಕೇಳುವ ಕರ್ಕಶತೆಯನ್ನು ಅಪಸ್ವರವೆಂದು ತಳ್ಳುವವರು ಈ ಧ್ವನಿವ್ಯಾಪಾರವನ್ನು ತಿಳಿಯದವರು.

ಇನ್ನು ಶಾಸ್ತ್ರೀಯವೆಂದರೆ ಬರೆದುದು, ಜಾಜ್ ಎಂದರೆ ಬರೆಯದುದು ಎಂಬ ಭೇದವು ಎಷ್ಟು ದೂರ ನಿಲ್ಲುವುದು? ಬೇಥೋವನನು ವಿಯೆನ್ನಾ ನಗರದಲ್ಲಿ ಮೊದಲು ಕೀರ್ತಿವಂತನಾದುದು ಆಶುವಾದನದ ಬಲದಿಂದಲೂ ಹೌದು. ಕಾನ್ಚೆರ್ಟೋ ಎಂಬ ರಚನೆಯಲ್ಲಿ ವಾದ್ಯವೃಂದವು ಸುಮ್ಮನಾಗಿ, ಪಿಯಾನೋ ವಾದಕನು ತನ್ನ ಕಲ್ಪನೆಯನ್ನು ಬೆಳೆಸಿ ಮತ್ತೆ ವೃಂದವನ್ನು ಕೂಡಿಕೊಳ್ಳುವ ಸ್ಥಾನವೊಂದುಂಟು; ಅದಕ್ಕೆ ಕೆಡೆಂಜಾ ಎಂದು ಹೆಸರು. ಕಲ್ಪನಾಸ್ವರಗಳನ್ನು ಹಾಡಿ ಎತ್ತುಗಡೆಗೆ ಬಂದು ಸೇರುವ ಕರ್ಣಾಟಕ ಸಂಗೀತದ ಕ್ರಮವನ್ನು ಬಲ್ಲವರಿಗೆ ಇದರ ಸೊಗಸು ಸುಲಭವಾಗಿ ಮನದಟ್ಟಾಗುವುದು. ಮೊಜಾರ್ಟನ 1785ರ 20ನೆಯ ಕಾನ್ಚೆರ್ಟೋಗೆ ಅವನ ಸ್ವಂತ ಕೆಡೆಂಜಾ ಉಳಿದು ಬಂದಿಲ್ಲ. ಆ ತೆರವಿಗೆ ಬೇಥೋವನನು ತನ್ನದೊಂದನ್ನು ಬರೆದನು. ಅದೇ ಬೇಥೋವನನು ತನ್ನ ಐದನೆಯ ಕಾನ್ಚೆರ್ಟೋದ ಮೊದಲ ಭಾಗದಲ್ಲಿ ವಾದಕನು ಕೆಡೆಂಜಾ ಸೇರಿಸಕೂಡದೆಂದು ವಿಧಿಸಿ, ಅಲ್ಲಿಗೆ ಬೇಕಾದುದನ್ನು ತಾನೇ ಬರೆದಿಟ್ಟನು. ಬರಬರುತ್ತ ರಚನಕಾರನ ಲೇಖನಿಯು ಬಲವಾಯಿತು, ವಾದಕನ ಕಲ್ಪನೆಯು ಬಡವಾಯಿತು. ಆದಕಾರಣ ಆಶುವಾದನವು ಶಾಸ್ತ್ರೀಯ ಸಂಪ್ರದಾಯಕ್ಕೆ ಪರಕೀಯವಲ್ಲ; ಅದು ಮರೆತುಹೋದ ಪಿತ್ರಾರ್ಜಿತ ಸ್ವತ್ತು.

ಜಾಜ್ ಸಂಗೀತಕ್ಕೆ ವ್ಯಾಕರಣವಿಲ್ಲವೆಂಬ ಆಕ್ಷೇಪವೂ ಹೀಗೆಯೇ ನಿರಾಧಾರವಾದುದು. ನ್ಯೂ ಆರ್ಲಿಯನ್ಸಿನ ಕರಿಯ ಜನರಲ್ಲಿ ಹುಟ್ಟಿ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹರಡಿದ ಈ ಕಲೆಗೆ ಬ್ಲೂಸ್ ಎಂಬ ಹಾಡಿನ ಚೌಕಟ್ಟು ಮುಖ್ಯ ಆಧಾರಗಳಲ್ಲೊಂದು. ಅದು ಸಾಮಾನ್ಯವಾಗಿ 12 ಅಳತೆಗಳದ್ದು. ಅಳತೆಗೆ 4 ಎಣಿಕೆಯಂತೆ 48 ಎಣಿಕೆಗಳ ಆವರ್ತವಾಗುತ್ತದೆ. ಯಾವ ಅಳತೆಯಲ್ಲಿ ಯಾವ ಸ್ವರಸಮೂಹವು ಬರಬೇಕೆಂಬುದಕ್ಕೆ ನಿಯಮವಿದೆ. ವಾದಕನು ಎಷ್ಟು ದೂರ ಸಂಚರಿಸಿದರೂ ಆವರ್ತವು ಒಳಗೊಳಗೇ ತಿರುಗುತ್ತಲೇ ಇರುವುದು. ದಾರಿ ತಪ್ಪಿದವನನ್ನು ಜೊತೆಗಾರರು ಒಡನೆಯೇ ಕಂಡುಹಿಡಿಯುವರು. ಇದು ನಿರಂಕುಶತೆಯಲ್ಲ, ಕಠಿನವಾದ ವಿನಯ.

ಗಿಲ್ಮೋರ್ ಉತ್ಸವದ ಗುಣಗಳಲ್ಲಿ ಮೊದಲನೆಯದು ಅದರ ಪರೀಕ್ಷಾಕ್ರಮ. ಸಾಮಾನ್ಯವಾಗಿ ನಾಲ್ಕು ವರ್ಷಗಳಿಗೊಮ್ಮೆ ಒಬ್ಬ ಪಿಯಾನೋ ವಾದಕನಿಗೆ 3 ಲಕ್ಷ ಡಾಲರುಗಳ ಪುರಸ್ಕಾರವನ್ನು ಅಲ್ಲಿ ಕೊಡುತ್ತಾರೆ. ಅದಕ್ಕೆ ಅರ್ಜಿಯಿಲ್ಲ, ಸ್ಪರ್ಧೆಯಿಲ್ಲ. ಬಲ್ಲವರು ಗುಟ್ಟಾಗಿ ಹೆಸರುಗಳನ್ನು ಸೂಚಿಸುತ್ತಾರೆ. ತೀರ್ಪುಗಾರರು ತಮ್ಮ ಗುರುತು ತೋರದೆ ಸಭಿಕರ ನಡುವೆ ಕುಳಿತು ಕೇಳುತ್ತಾರೆ. ತನ್ನನ್ನು ಪರೀಕ್ಷಿಸುತ್ತಿರುವರೆಂಬುದು ವಾದಕನಿಗೆ ತಿಳಿಯದು. ಸ್ಪರ್ಧೆಯಲ್ಲಿ ಭಯವು ತಪ್ಪನ್ನು ಎಣಿಸಲು ಕಲಿಸುತ್ತದೆ; ತಪ್ಪಿಗೆ ಹೆದರಿದವನು ಹೊಸದನ್ನು ಮಾಡನು. ಈ ಕ್ರಮವು ಆ ಭಯವನ್ನು ಕಳೆದು, ಕಲಾವಿದನನ್ನು ಅವನ ಸಹಜಸ್ಥಿತಿಯಲ್ಲಿ ಕಾಣುತ್ತದೆ. 1998ರಲ್ಲಿ ನಾರ್ವೆಯ ಲೈಫ್ ಊವೆ ಆಂಡ್ಸ್‌ನೆಸ್, 2018ರಲ್ಲಿ ಈಗೋರ್ ಲೆವಿಟ್ ಮುಂತಾದವರು ಈ ಗೌರವಕ್ಕೆ ಪಾತ್ರರಾದರು.

ದೋಷವನ್ನೂ ಹೇಳದಿದ್ದರೆ ವಿಮರ್ಶೆಯು ಸ್ತೋತ್ರವಾದೀತು. ವೇದಿಕೆಯ ಮೇಲೆ ಎರಡು ಸಂಪ್ರದಾಯಗಳಿಗೂ ಆಸನ ದೊರೆಯಿತಾದರೂ ಈ ಮಹಾಪುರಸ್ಕಾರವು ಮೂರು ದಶಕಗಳ ಕಾಲ ಶಾಸ್ತ್ರೀಯ ವಾದಕರ ಪಾಲಿಗೇ ಸಂದಿತು. ಅತಿಥಿಯನ್ನು ಪಂಕ್ತಿಯಲ್ಲಿ ಕೂರಿಸಿ ಅಗ್ರತಾಂಬೂಲವನ್ನು ಮಾತ್ರ ಮನೆಯವರಿಗೇ ಕೊಟ್ಟಂತಾಯಿತು. ಅಮೆರಿಕದ ಚರಿತ್ರೆಯನ್ನು ನೆನೆದರೆ ಇದು ಸಣ್ಣ ಮಾತಲ್ಲ. ಶಾಸ್ತ್ರೀಯ ಪಿಯಾನೋ ವಾದಕಿಯಾಗಬೇಕೆಂದು ಸಾಧನೆ ಮಾಡಿದ ನೀನಾ ಸಿಮೋನ್ ಎಂಬಾಕೆಗೆ 1951ರಲ್ಲಿ ಫಿಲಡೆಲ್ಫಿಯಾದ ಕರ್ಟಿಸ್ ವಿದ್ಯಾಲಯದಲ್ಲಿ ಪ್ರವೇಶ ದೊರೆಯಲಿಲ್ಲ. ತನ್ನ ಮೈಬಣ್ಣವೇ ಅದಕ್ಕೆ ಕಾರಣವೆಂದು ಆಕೆ ಕೊನೆಯವರೆಗೂ ನಂಬಿದ್ದಳು. ಅದೇ ವಿದ್ಯಾಲಯವು 2003ರಲ್ಲಿ ಆಕೆಗೆ ಗೌರವ ಪದವಿಯನ್ನಿತ್ತಿತು. ಅದಾದ ಕೆಲವೇ ದಿನಗಳಲ್ಲಿ ಆಕೆ ತೀರಿಕೊಂಡಳು. ತಡವಾದ ಮನ್ನಣೆಯು ನ್ಯಾಯದ ನೆರಳು ಮಾತ್ರ. ಗಿಲ್ಮೋರ್ ಸಂಸ್ಥೆಯವರು ಇತ್ತೀಚಿನ ವರ್ಷಗಳಲ್ಲಿ ಜಾಜ್ ಪಿಯಾನೋ ವಾದಕರಿಗೆಂದೇ ಲ್ಯಾರಿ ಬೆಲ್ಲನ ಹೆಸರಿನಲ್ಲಿ 3 ಲಕ್ಷ ಡಾಲರುಗಳ ಸಮಾನ ಪುರಸ್ಕಾರವನ್ನು ಸ್ಥಾಪಿಸಿರುವುದು ಸಂತೋಷದ ವಿಷಯ. ಮೊದಲೇ ಆಗಬೇಕಾಗಿದ್ದುದೆಂಬ ಮಾತೂ ಅಷ್ಟೇ ನಿಜ.

ಸಂಸ್ಥೆಯು ಇನ್ನೂ ಮಾಡದಿದ್ದುದನ್ನು ಅದರಿಂದ ಸನ್ಮಾನಿತನಾದ ಒಬ್ಬ ಕಲಾವಿದನು ಮೊದಲೇ ಮಾಡಿ ತೋರಿಸಿದನು. 1979ರಲ್ಲಿ ರಷ್ಯಾದ ವೊರೋನೆಜ್ ಊರಿನಲ್ಲಿ ಹುಟ್ಟಿದ ಕಿರಿಲ್ ಗೆರ್ಸ್ಟೀನ್, ತಂದೆತಾಯಿಗಳು ಕೂಡಿಟ್ಟಿದ್ದ ಧ್ವನಿಮುದ್ರಿಕೆಗಳಿಂದ ಜಾಜ್ ಕಲಿತು, ಹದಿನಾಲ್ಕನೆಯ ವಯಸ್ಸಿನಲ್ಲಿ ಬಾಸ್ಟನ್ನಿನ ಬರ್ಕ್ಲಿ ಸಂಗೀತ ವಿದ್ಯಾಲಯವನ್ನು ಸೇರಿದನು. ಅನಂತರ ಶಾಸ್ತ್ರೀಯ ವಾದನಕ್ಕೆ ತಿರುಗಿದನು. 2010ರಲ್ಲಿ ಗಿಲ್ಮೋರ್ ಪುರಸ್ಕಾರವು ಬಂದಾಗ ಆ ದ್ರವ್ಯದಲ್ಲಿ ಒಂದು ಭಾಗವನ್ನು ಹೊಸ ಕೃತಿಗಳನ್ನು ಬರೆಯಿಸುವುದಕ್ಕೆ ವಿನಿಯೋಗಿಸಿದನು. ಶಾಸ್ತ್ರೀಯ ಪಂಥದ ಆಲಿವರ್ ನಸ್ಸೆನ್ ಮುಂತಾದವರಿಂದಲೂ ಬರೆಯಿಸಿದನು, ಜಾಜ್ ವಾದಕರಾದ ಚಿಕ್ ಕೊರಿಯಾ, ಬ್ರ್ಯಾಡ್ ಮೆಲ್ಡೌ ಇವರಿಂದಲೂ ಬರೆಯಿಸಿದನು. ಮೆಲ್ಡೌ ಬರೆದುದು ವಿಷಾದಭಾವದ ವಸ್ತುವೊಂದನ್ನು ಹಿಡಿದು ಬಗೆಬಗೆಯಾಗಿ ಬೆಳೆಸುವ ಕೃತಿ. ಆಯ್ಕೆಯಲ್ಲಿಯೇ ಔಚಿತ್ಯವಿದೆ, ಏಕೆಂದರೆ ಒಂದೇ ವಸ್ತುವನ್ನು ನಾನಾ ರೂಪಗಳಲ್ಲಿ ಕಾಣಿಸುವುದು ಬಾಖನಿಗೂ ಜಾಜ್ ವಾದಕನಿಗೂ ಸಮಾನವಾದ ಹಾದಿ. ಮುಂದೆ ಮೆಲ್ಡೌ ಅದನ್ನು ವಾದ್ಯವೃಂದಕ್ಕೆ ಅಳವಡಿಸಿ, ಆರ್ಫಿಯಸ್ ವೃಂದದೊಡನೆ ತಾನೇ ನುಡಿಸಿದನು; ಆ ಧ್ವನಿಮುದ್ರಣವು 2021ರಲ್ಲಿ ಪ್ರಕಟವಾಯಿತು. ಜಾಜ್ ಮನೆಯವನು ಬರೆದುಕೊಟ್ಟನು, ಶಾಸ್ತ್ರೀಯ ಮನೆಯವನು ಬರೆದುದನ್ನು ಉಸಿರಾಡಿಸಿದನು. ಎರಡು ಕಚೇರಿಗಳನ್ನು ಅಕ್ಕಪಕ್ಕದಲ್ಲಿಡುವುದು ಸಮೀಪ್ಯ, ಇದು ಸಾಯುಜ್ಯ.

ಕಲಾವಿದನಿಗೆ ದೊರೆಯುವ ಆಶ್ರಯವು ಹೊಸ ಸೃಷ್ಟಿಗೆ ಕಾರಣವಾಗುವುದೆಂಬುದಕ್ಕೆ ಮೈಸೂರಿನಲ್ಲಿಯೂ ನಿದರ್ಶನವುಂಟು. ಶ್ರೀ ಜಯಚಾಮರಾಜೇಂದ್ರ ಒಡೆಯರವರು ಪಿಯಾನೋ ವಾದನವನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದವರು. ರಾಜ್ಯಭಾರವು ಅವರನ್ನು ವಾದಕರ ಪೀಠಕ್ಕೆ ಬಿಡದಿದ್ದರೂ, ಲಂಡನ್ನಿನಲ್ಲಿ ಮುಪ್ಪಿನಿಂದಲೂ ಉಪೇಕ್ಷೆಯಿಂದಲೂ ಕುಗ್ಗಿದ್ದ ರಷ್ಯದ ರಚನಕಾರ ನಿಕೊಲಾಯ್ ಮೆಟ್ನರನ ಕೃತಿಗಳನ್ನು 1940ರ ದಶಕದ ಕೊನೆಯಲ್ಲಿ ಆತನ ಕೈಯಿಂದಲೇ ನುಡಿಸಿ ಮುದ್ರಿಸುವಂತೆ ಅವರು ಧನಸಹಾಯ ಮಾಡಿದರು. ಮೆಟ್ನರನು ತನ್ನ ಮೂರನೆಯ ಕಾನ್ಚೆರ್ಟೋವನ್ನು ಮಹಾರಾಜರಿಗೆ ಅರ್ಪಿಸಿದನು. ಅವನು ಸ್ಪರ್ಧೆಗೆ ನಿಲ್ಲಲಿಲ್ಲ. ಕೇಳಬಲ್ಲ ಕಿವಿಯೊಂದು ದೂರದಿಂದ ಅವನನ್ನು ಗುರುತಿಸಿತು. ಗಿಲ್ಮೋರ್ ಪುರಸ್ಕಾರದ ತತ್ತ್ವವೂ ಇದೇ.

ಇನ್ನು ಆಗತಕ್ಕುದೊಂದುಂಟು. ಬೇರೆ ಬೇರೆ ಸಂಜೆಗಳಲ್ಲಿ ಕಚೇರಿಯಾದರೆ ಒಂದರ ಶ್ರೋತೃವು ಇನ್ನೊಂದಕ್ಕೆ ಬಾರದೆಯೇ ಇರಬಹುದು. ಒಂದೆಡೆ ಕೃತಿಯು ಮುಗಿಯುವವರೆಗೆ ಮೌನವೇ ಮರ್ಯಾದೆ, ಇನ್ನೊಂದೆಡೆ ನಡುವೆಯೇ ಕೈತಟ್ಟುವುದು ಮರ್ಯಾದೆ. ಪರಸ್ಪರರ ಮರ್ಯಾದೆಯನ್ನು ಕಲಿಯದೆ ಮೈತ್ರಿಯು ಬೆಳೆಯದು. ಮೊಜಾರ್ಟನು ತೆರವಾಗಿ ಬಿಟ್ಟ ಕೆಡೆಂಜಾ ಸ್ಥಾನದಲ್ಲಿ ರಾಬರ್ಟ್ ಲೆವಿನ್ನನು ಮಾಡುವಂತೆ ತನ್ನ ಸ್ವಂತ ಕಲ್ಪನೆಯನ್ನು ನುಡಿಸುವ ಶಾಸ್ತ್ರೀಯ ವಾದಕರು ಹೆಚ್ಚಬೇಕು. ಬರೆದ ಕೃತಿಯ ಗಾಂಭೀರ್ಯವನ್ನು ಹೊತ್ತು ನಿಲ್ಲುವ ಜಾಜ್ ವಾದಕರೂ ಹೆಚ್ಚಬೇಕು. ಇಬ್ಬರನ್ನೂ ಒಂದೇ ಸಂಜೆ ಒಂದೇ ಸಭೆಯು ಕೇಳಬೇಕು. ಆಗ ಶಕ್ತಿ, ನಿಪುಣತೆ, ಅಭ್ಯಾಸಗಳೆಂಬ ಮೂರೂ ಮಮ್ಮಟನು ಹೇಳಿದಂತೆ ಒಂದೇ ಕಾರಣವಾಗಿ ಪರಿಣಮಿಸುವುವು.