ಕೊಬ್ಬರಿ ದುಡ್ಡಿನ ಡೀಸೆಲ್ ಕಾರು

"ಡೀಸೆಲ್ ಗಾಡಿ ಕಣಪ್ಪ, ಎಂಜಿನ್ ಗಟ್ಟಿ." ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಸೆಕೆಂಡ್ ಹ್ಯಾಂಡ್ ಕಾರಿನ ಮಾತು ಬಂದರೆ ಈ ವಾಕ್ಯ ಬಂದೇ ಬರುತ್ತೆ. ಮಾರೋನೂ ಇದನ್ನೇ ಹೇಳ್ತಾನೆ, ಕೊಳ್ಳೋನೂ ಇದನ್ನೇ ಹೇಳ್ತಾನೆ. ಮಾರೋನಿಗೆ ಹೇಳೋಕೆ ಕಾರಣ ಇದೆ. ಕೊಳ್ಳೋನಿಗೆ ಯಾಕೆ ಇಷ್ಟು ನಂಬಿಕೆ? ನನ್ನ ತಕರಾರು ಡೀಸೆಲ್ ಕಾರಿನ ಮೇಲೆ ಇಲ್ಲ, ಈ ನಂಬಿಕೆ ಮೇಲಿದೆ. ಅದನ್ನು ಬೆಳೆಸಿ ಲಾಭ ಮಾಡ್ಕೊಳ್ಳೋರ ಮೇಲೆ ಇನ್ನೂ ಜಾಸ್ತಿ ಇದೆ.

ಮೊದಲು ನಂಬಿಕೆಗೆ ಸಲ್ಲಬೇಕಾದ ನ್ಯಾಯ ಸಲ್ಲಿಸೋಣ. ನಮ್ಮ ಕಡೆಯವರು ಡೀಸೆಲ್ ಎಂಜಿನ್ ಕಂಡಿದ್ದು ಟ್ರ್ಯಾಕ್ಟರಿನಲ್ಲಿ, ಜೀಪಿನಲ್ಲಿ, ತೋಟದ ಪಂಪ್‌ಸೆಟ್ಟಿನಲ್ಲಿ. ಅವು ನಿಜವಾಗಿ ಗಟ್ಟಿ. ಹೊಗೆ ಉಗುಳ್ತಾ, ನಡುಗ್ತಾ, ಇಪ್ಪತ್ತು ವರ್ಷ ದುಡೀತಿದ್ದವು. ಕೆಟ್ಟರೆ ಪಟ್ಟಣದ ಮೆಕ್ಯಾನಿಕ್ ಒಂದೊಂದೇ ಡೀಸೆಲ್ ಪೈಪಿನ ನಟ್ಟು ಸಡಿಲ ಮಾಡ್ತಾ, ಎಂಜಿನ್ ಸದ್ದು ಎಲ್ಲಿ ಬದಲಾಗಲಿಲ್ಲವೋ ಅದೇ ಸತ್ತ ಸಿಲಿಂಡರ್ ಅಂತ ಹೇಳಿಬಿಡ್ತಿದ್ದ. ನಾಝಲ್ ಬಿಚ್ಚಿ ಸರ್ವಿಸ್ ಮಾಡಿಸಿದರೆ ಸಂಜೆಗೆ ಗಾಡಿ ಸಿದ್ಧ. ಎಂಜಿನ್ ಗಟ್ಟಿ ಅನ್ನೋ ಮಾತಿನ ಒಳಗೆ ಇನ್ನೊಂದು ಮಾತು ಅಡಗಿತ್ತು: ಕೆಟ್ಟರೂ ಇಲ್ಲೇ ರಿಪೇರಿ ಆಗುತ್ತೆ.

ಈಗ ಬರ್ತಿರೋ ಕಾರಿನ ಎಂಜಿನ್ನಿಗೆ ಡೀಸೆಲ್ ಅನ್ನೋ ಹೆಸರು ಮಾತ್ರ ಅದೇ. ಒಳಗೆ ಕಾಮನ್ ರೈಲ್ ಅನ್ನೋ ವ್ಯವಸ್ಥೆ ಇದೆ. ಹಳೆ ನಾಝಲ್ಲುಗಳು ಕೆಲವು ನೂರು ಬಾರ್ ಒತ್ತಡದಲ್ಲಿ ಕೆಲಸ ಮಾಡಿದರೆ ಇದರಲ್ಲಿ ಒತ್ತಡ 1,600 ಬಾರ್ ಆಸುಪಾಸು, ಕೆಲವದರಲ್ಲಿ ಇನ್ನೂ ಮೇಲೆ. ಇಲ್ಲಿ ಓಡ್ತಿರೋ ಎಂಜಿನ್ನಿನ ಪೈಪ್ ನಟ್ಟು ಸಡಿಲ ಮಾಡಿದರೆ ಚಿಮ್ಮೋ ಡೀಸೆಲ್ ಚರ್ಮ ಸೀಳಿಕೊಂಡು ಒಳಗೆ ಹೋಗುತ್ತೆ. ಇಂಜೆಕ್ಟರ್ ಒಳಗಿನ ಸಂದು ಕೆಲವೇ ಮೈಕ್ರಾನ್. ಟ್ರ್ಯಾಕ್ಟರಿಗೆ ಅಂತ ಕ್ಯಾನಿನಲ್ಲಿ ತಂದಿಟ್ಟ ಡೀಸೆಲ್ಲನ್ನೇ ಕಾರಿಗೂ ಸುರಿಯೋ ಅಭ್ಯಾಸ ನಮ್ಮಲ್ಲಿದೆ. ಅದರಲ್ಲಿರೋ ಒಂದಿಷ್ಟು ನೀರು, ಧೂಳು ಟ್ರ್ಯಾಕ್ಟರಿಗೆ ಕೆಮ್ಮು, ಕಾರಿಗೆ ಹೃದಯಾಘಾತ. ನಿಮಿಷಕ್ಕೆ ಲಕ್ಷಕ್ಕಿಂತ ಹೆಚ್ಚು ಸುತ್ತು ಹಾಕೋ ಟರ್ಬೊ ಬದುಕಿರೋದು ಶುದ್ಧ ಎಂಜಿನ್ ಆಯಿಲ್ ಮೇಲೆ. ಆಯಿಲ್ ಚೇಂಜನ್ನ ಮುಂದಿನ ತಿಂಗಳು ನೋಡೋಣ ಅಂತ ತಳ್ಳಿದರೆ ಅದು ಸುಮ್ಮನಿರಲ್ಲ.

ಇಂಥ ಕಾರು ನಮ್ಮೂರಿಗೆ ಬಂದದ್ದು ಹೇಗೆ? 2012ರಲ್ಲಿ ದೆಹಲಿ ದರದಲ್ಲಿ ಪೆಟ್ರೋಲಿಗೂ ಡೀಸೆಲಿಗೂ ಲೀಟರಿಗೆ 30 ರೂಪಾಯಿ ಆಸುಪಾಸು ಅಂತರ ಇತ್ತು. ಆಗ ದೇಶದಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್. ಬೆಂಗಳೂರಿನಲ್ಲಿ ಆಫೀಸಿಗೆ ದಿನಕ್ಕೆ ಎಂಟು ಕಿಲೋಮೀಟರ್ ಓಡಿಸೋರೂ ಡೀಸೆಲ್ಲೇ ತಗೊಂಡರು. 2014ರ ಅಕ್ಟೋಬರಿನಲ್ಲಿ ಡೀಸೆಲ್ ದರದ ನಿಯಂತ್ರಣ ತೆಗೆದರು, ಅಂತರ ಕರಗಿತು. 2020ರ ಏಪ್ರಿಲ್ 1ಕ್ಕೆ ಬಿಎಸ್-6 ಬಂತು, ಮಾರುತಿ ಡೀಸೆಲ್ ಕಾರು ಮಾಡೋದನ್ನೇ ನಿಲ್ಲಿಸಿತು. ನಗರ ಡೀಸೆಲ್ಲಿನಿಂದ ಕೈತೊಳಕೊಂಡಿತು. ಮಾರಿದ ಕಾರುಗಳು ಎಲ್ಲೋ ಹೋಗಬೇಕಲ್ಲ? ಬಿ.ಎಚ್. ರೋಡು ಹಿಡಿದು ಈ ಕಡೆ ಬಂದವು. ಇನ್ನು ದೆಹಲಿ ಸುತ್ತಮುತ್ತ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿ ಓಡಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. "ಡೆಲ್ಲಿ ಗಾಡಿ" ಅನ್ನೋ ಮಾತು ನಮ್ಮ ಬ್ರೋಕರುಗಳ ಬಾಯಿಗೆ ಬಂದಿದ್ದು ಹಾಗೆ.

ಇಲ್ಲಿ ಕೊಳ್ಳೋ ದುಡ್ಡು ಎಂಥದ್ದು ಅಂತಲೂ ನೋಡಬೇಕು. ತೆಂಗಿನಕಾಯಿ ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಕೂತು ಉಂಡೆ ಕೊಬ್ಬರಿ ಆಗುತ್ತೆ. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದು ರೈತರು ಬೀದಿಗಿಳಿದಿದ್ದರು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಹೀಗೆ ಏರಿದ ವರ್ಷ ಮನೆಗೆ ಕಾರು ಬರುತ್ತೆ. ಆ ಕಾರು ಕೆಟ್ಟು ನಿಲ್ಲೋದು ಮಾತ್ರ ಬೆಲೆ ಇಳಿದ ವರ್ಷ. ಆಗ ಇಂಜೆಕ್ಟರಿನ ಬಿಲ್ಲೂ ಮಗಳ ಕಾಲೇಜು ಫೀಸೂ ಒಂದೇ ತಿಂಗಳು ಬಂದು ಕೂರುತ್ತವೆ.

ಲೆಕ್ಕ ಹಾಕಿಯೇ ನೋಡೋಣ. ವರ್ಷಕ್ಕೆ 6,000 ಕಿ.ಮೀ. ಓಡೋ ಮನೆ. ಪೆಟ್ರೋಲ್ ಕಾರು ಲೀಟರಿಗೆ 17, ಡೀಸೆಲ್ 20 ಕೊಡುತ್ತೆ ಅಂತಿಟ್ಟುಕೊಳ್ಳಿ. ಪೆಟ್ರೋಲಿಗೆ 103, ಡೀಸೆಲಿಗೆ 91 ರೂಪಾಯಿ ಹಿಡಿದರೆ ವರ್ಷಕ್ಕೆ ಉಳಿಯೋದು ಸುಮಾರು 9,000. ಹೊಸ ಇಂಜೆಕ್ಟರ್ ಒಂದಕ್ಕೆ ಹತ್ತು ಸಾವಿರ ಸಲೀಸಾಗಿ ದಾಟುತ್ತೆ, ಕಾರಿನಲ್ಲಿ ಇರೋದು ನಾಲ್ಕು. ನಾಲ್ಕು ವರ್ಷ ಪೈಸೆ ಪೈಸೆ ಉಳಿಸಿದ್ದು ಒಂದೇ ರಿಪೇರಿಗೆ ಹೋಯ್ತು. ಅದೇ ವರ್ಷಕ್ಕೆ 20,000 ಕಿ.ಮೀ. ಓಡೋ ಬಾಡಿಗೆ ಗಾಡಿಗೆ ಉಳಿತಾಯ 30,000 ಆಗುತ್ತೆ, ಅಂಥವರಿಗೆ ಡೀಸೆಲ್ಲೇ ಸರಿ. ಹಾಗಾಗಿ "ಡೀಸೆಲ್ ಒಳ್ಳೇದಾ ಕೆಟ್ಟದ್ದಾ" ಅಂತ ಕೇಳೋದಕ್ಕಿಂತ ಮನೆಯವರು ಎಷ್ಟು ಓಡ್ತಾರೆ, ಎಲ್ಲಿ ಓಡ್ತಾರೆ ಅಂತ ಕೇಳಬೇಕು.

ಎಲ್ಲಿ ಅನ್ನೋದೂ ಮುಖ್ಯ. ಬಿಎಸ್-6 ಡೀಸೆಲ್ ಕಾರಿನಲ್ಲಿ ಹೊಗೆಯ ಮಸಿ ಹಿಡಿಯೋ ಡಿಪಿಎಫ್ ಅನ್ನೋ ಜರಡಿ ಇದೆ. ಅದು ತುಂಬಿದಾಗ 600 ಡಿಗ್ರಿ ಹತ್ತಿರ ಕಾದು ತನ್ನನ್ನು ತಾನೇ ಸುಟ್ಟು ಶುಚಿ ಮಾಡ್ಕೊಬೇಕು. ಅದಕ್ಕೆ ಹೆದ್ದಾರಿಯಲ್ಲಿ ಹದಿನೈದು-ಇಪ್ಪತ್ತು ನಿಮಿಷ ಒಂದೇ ಸಮನೆ ಓಡಬೇಕು. ತೋಟದಿಂದ ಮಂಡಿಗೆ ಆರು ಕಿಲೋಮೀಟರ್, ವಾಪಸ್ ಆರು. ಎಂಜಿನ್ ಕಾಯೋ ಹೊತ್ತಿಗೆ ಮನೆ ಬಂದಿರುತ್ತೆ. ಅರ್ಧಕ್ಕೆ ನಿಂತ ಶುಚಿಕಾರ್ಯದಲ್ಲಿ ಸುಡದೆ ಉಳಿದ ಡೀಸೆಲ್ ಎಂಜಿನ್ ಆಯಿಲಿಗೆ ಸೇರುತ್ತೆ, ಆಯಿಲ್ ತೆಳುವಾಗುತ್ತೆ. ಡ್ಯಾಶ್‌ಬೋರ್ಡಿನಲ್ಲಿ ಲೈಟು ಬಂದಾಗ "ಅದನ್ನ ತೆಗೆದುಹಾಕಿಬಿಡಿ ಸಾರ್" ಅನ್ನೋ ಸಲಹೆ ಸಿಗುತ್ತೆ. ಅದು ಕಾನೂನಿಗೂ ವಿರುದ್ಧ, ಹಿಂದೆ ಬರೋ ಸ್ಕೂಟರಿನವನ ಶ್ವಾಸಕೋಶಕ್ಕೂ ವಿರುದ್ಧ.

ಇನ್ನು ಪರೀಕ್ಷೆ. ನಮ್ಮ ಕೊಬ್ಬರಿ ವ್ಯಾಪಾರಿ ಕಾಯಿ ಅಲುಗಾಡಿಸಿ, ಒಳಗೆ ಗಿಟುಕು ಬಿಟ್ಟಿದೆಯಾ ಇಲ್ವಾ ಅಂತ ಸದ್ದಿನಲ್ಲೇ ಹೇಳ್ತಾನೆ. ಅದೇ ಕಿವಿಯನ್ನ ಬಾನೆಟ್ಟಿಗೆ ಇಟ್ಟು ಕಾರು ಕೊಳ್ತಾನೆ. ಹೊಸ ಡೀಸೆಲ್ ಅಲ್ಲಿ ಅವನಿಗೆ ಕೈಕೊಡುತ್ತೆ. ಸೋರ್ತಿರೋ ಇಂಜೆಕ್ಟರಿನ ವ್ಯತ್ಯಾಸವನ್ನ ಇಸಿಯು ಅನ್ನೋ ಕಂಪ್ಯೂಟರ್ ತಾನೇ ಸರಿದೂಗಿಸಿ ಮುಚ್ಚಿಡುತ್ತೆ, ಮುಚ್ಚಿಡೋಕೆ ಆಗದ ದಿನದವರೆಗೂ ಎಂಜಿನ್ ನಯವಾಗೇ ಓಡುತ್ತೆ. ಕಾಯಿಲೆ ಸದ್ದಿನಲ್ಲಿಲ್ಲ, ದಾಖಲೆಯಲ್ಲಿದೆ. ಸಾಫ್ಟ್‌ವೇರಿನವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ: ಲಾಗ್ ನೋಡದೆ ಯಾರೂ ಸಿಸ್ಟಮ್ ಒಪ್ಪಿಸಿಕೊಳ್ಳಲ್ಲ. ಬ್ರೋಕರ್ ಮಾರೋ ಹಿಂದಿನ ದಿನ ದೋಷದ ಕೋಡುಗಳನ್ನ ಅಳಿಸಿರಬಹುದು. ಆದರೆ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಅನ್ನೋದನ್ನೂ ಬಹಳಷ್ಟು ಕಾರುಗಳು ಬರೆದಿಟ್ಟುಕೊಳ್ತವೆ. ಅಲ್ಲಿ "12 ಕಿ.ಮೀ." ಅಂತ ಕಂಡರೆ ಅಡ್ವಾನ್ಸ್ ಜೇಬಿನಲ್ಲೇ ಇರಲಿ.

ಹಾಗಂತ ನಮ್ಮ ಮೆಕ್ಯಾನಿಕ್‌ಗೆ ಏನೂ ಗೊತ್ತಿಲ್ಲ ಅಂತ ಷರಾ ಬರೆಯೋದು ಅನ್ಯಾಯ. ಗೊತ್ತಾಗದ ಹಾಗೆ ಮಾಡಿದವರಿದ್ದಾರೆ. ಬಹಳಷ್ಟು ಎಂಜಿನ್ನುಗಳಲ್ಲಿ ಇಂಜೆಕ್ಟರ್ ಬದಲಿಸಿದ ಮೇಲೆ ಅದರ ಮೈಮೇಲಿನ ಕೋಡನ್ನ ಇಸಿಯುಗೆ ಬರೆಯಬೇಕು. ಅಗ್ಗದ ಸ್ಕ್ಯಾನರಿಗೆ ಓದೋದು ಬರುತ್ತೆ, ಬರೆಯೋದು ಬರಲ್ಲ. ಬರೆಯೋ ಉಪಕರಣ ಕಂಪನಿ ಕೈಯಲ್ಲಿದೆ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿದ್ದು ಈ ಬಗೆಯ ನಡತೆಗೇ: ಬಿಡಿಭಾಗ, ರಿಪೇರಿ ಮಾಹಿತಿ, ದೋಷ ಹುಡುಕೋ ಉಪಕರಣಗಳು ಹೊರಗಿನ ಗ್ಯಾರೇಜಿಗೆ ಸಿಗದಂತೆ ಮಾಡಿದ್ದಕ್ಕೆ. ಕಂಪನಿಗಳು ಮೇಲ್ಮನವಿ ಹೋದವು, 2016ರಲ್ಲಿ ಮೂರು ಕಂಪನಿಗಳ ದಂಡ ಇಳಿಯಿತು. 2022ರಲ್ಲಿ ಕೇಂದ್ರ ಸರ್ಕಾರ "ರಿಪೇರಿಯ ಹಕ್ಕು" ಅಂತ ಒಂದು ಪೋರ್ಟಲ್ ತೆರೆಯಿತು, ವಾಹನಗಳೂ ಅದರಲ್ಲಿವೆ. ಪೋರ್ಟಲ್ ತೆರೆದ ಮಾತ್ರಕ್ಕೆ ಬರೆಯೋ ಉಪಕರಣ ಗ್ಯಾರೇಜಿನ ಮೇಜಿಗೆ ಬರಲ್ಲ. ಕಾರು ಊರಿಗೆ ಬಂದಿದೆ, ಅದರ ರಿಪೇರಿ ವಿದ್ಯೆ ಇನ್ನೂ ಶೋರೂಮಿನಲ್ಲೇ ಇದೆ. ಮಾರಾಟ ನಿಲ್ಲಿಸಿದ ಕಂಪನಿಯ ಕಾರಾದರೆ ಶೋರೂಮೂ ಇಲ್ಲ. ಜನರಲ್ ಮೋಟಾರ್ಸ್ 2017ರಲ್ಲಿ ಇಲ್ಲಿ ಮಾರಾಟ ಮುಗಿಸಿತು, ಫೋರ್ಡ್ 2021ರಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸೋದಾಗಿ ಹೇಳಿತು. ಅಂಥ ಕಾರು ಅಗ್ಗಕ್ಕೆ ಸಿಗೋದು ಅದಕ್ಕೇ.

ಈ ವ್ಯಾಪಾರದಲ್ಲಿ ಬೆಂಗಳೂರಿನ ನಾವೂ ಒಂದು ಪಾರ್ಟಿ. ಟ್ರಾಫಿಕ್ಕಿನಲ್ಲಿ ಮೂರನೇ ಗೇರು ಕಾಣದ ಕಾರನ್ನ, ಮಸಿ ಕಟ್ಟಿದ ಮೇಲೆ, ಆ್ಯಪಿನಲ್ಲಿ ಒಳ್ಳೇ ಬೆಲೆ ನೋಡಿ ಬಿಟ್ಟುಬಿಡ್ತೀವಿ. ಇಲ್ಲವೇ "ಅಪ್ಪನಿಗೆ ಇರಲಿ" ಅಂತ ಊರಿಗೆ ಕಳಿಸ್ತೀವಿ. ಎರಡನೆಯದು ಪ್ರೀತಿಯಂತೆ ಕಾಣುತ್ತೆ. ಅಪ್ಪ ಅದನ್ನ ಓಡಿಸೋದು ಮಂಡಿಗೆ, ಮದುವೆಗೆ, ಆಸ್ಪತ್ರೆಗೆ. ಆ ಮೂರನೆಯದಕ್ಕೆ ಹೊರಟಾಗ ರಾತ್ರಿ ಹನ್ನೊಂದಕ್ಕೆ ಗಾಡಿ ಸ್ಟಾರ್ಟ್ ಆಗಬೇಕು.

ಮಾರೋದಾದರೆ ಸರ್ವಿಸ್ ಬಿಲ್ಲುಗಳ ಜೊತೆ ಒಂದು ಸ್ಕ್ಯಾನ್ ವರದಿ ಇಟ್ಟು ಮಾರಿ. 2013ರ ನಂತರದ ಬಹುತೇಕ ಕಾರುಗಳಿಗೆ ಸ್ಟೇರಿಂಗ್ ಕೆಳಗೆ ಅದಕ್ಕೊಂದು ಪೋರ್ಟ್ ಇರುತ್ತೆ. ಊರಿನವರು ಕೊಳ್ಳೋದಾದರೆ ಒಂದು ಶನಿವಾರ ರಜೆ ಹಾಕ್ಕೊಂಡು ಜೊತೆಗೆ ಹೋಗಿ: ಬೆಳಿಗ್ಗೆ ತಣ್ಣಗಿರೋ ಎಂಜಿನ್ನನ್ನೇ ಸ್ಟಾರ್ಟ್ ಮಾಡಿಸಿ, ಬಿಲ್ಲಿನಲ್ಲಿ ಆಯಿಲ್ ಬದಲಿಸಿದ ಕಿಲೋಮೀಟರುಗಳನ್ನ ಓದಿ, ಸ್ಕ್ಯಾನರ್ ಹಾಕಿಸಿ. ಓಡಾಟ ಕಮ್ಮಿ ಇದ್ದರೆ ಮೈಲೇಜಿನ ಮಾತು ಬದಿಗಿಟ್ಟು ಪೆಟ್ರೋಲ್ ಕಾರು ತೋರಿಸಿ. "ಡೀಸೆಲ್ ಗಟ್ಟಿ ಕಣಪ್ಪ" ಅಂತ ಅವರು ಅಂದರೆ ವಾದ ಮಾಡಬೇಡಿ. ಕೆಟ್ಟರೆ ಯಾರು, ಎಲ್ಲಿ, ಎಷ್ಟಕ್ಕೆ ರಿಪೇರಿ ಮಾಡ್ತಾರೆ ಅಂತ ಮಾರೋನನ್ನ ಅವರ ಎದುರಿಗೇ ಕೇಳಿ. ಉತ್ತರ ಬರೋವರೆಗೂ ಕೊಬ್ಬರಿ ದುಡ್ಡು ಬ್ಯಾಂಕಿನಲ್ಲೇ ಇರಲಿ.