ಪ್ರಾಸವೆಂದರೆ ರೈಮ್ ಅಲ್ಲ: ಗಡಿನಾಡಿನ ತರಗತಿಯಲ್ಲಿ ಕಾವ್ಯಪರಿಭಾಷೆ

ಪ್ರೌಢಶಾಲೆಯ ಇಂಗ್ಲಿಷ್ ಪಾಠದಲ್ಲಿ ಕವಿತೆಯ ಹಿಂದೆಯೇ ಬರುವುದು ಪಾರಿಭಾಷಿಕ ಪದಗಳ ಒಂದು ಪಟ್ಟಿ: ಸಿಮಿಲಿ, ಮೆಟಫರ್, ಪರ್ಸಾನಿಫಿಕೇಶನ್, ಹೈಪರ್ಬಲಿ, ಅಲಿಟರೇಶನ್, ರೈಮ್, ಆನಮಟೊಪಿಯ, ಐರನಿ. ಕನ್ನಡ ಮನೆಮಾತಿನ ಮಕ್ಕಳಿಗೆ ಇದನ್ನು ಮನವರಿಕೆ ಮಾಡಿಕೊಡಲು ಅಧ್ಯಾಪಕರು ಸಹಜವಾಗಿಯೇ ಸಮಾನಪದಗಳ ಮೊರೆಹೋಗುತ್ತಾರೆ. ಸಿಮಿಲಿ ಎಂದರೆ ಉಪಮೆ, ಮೆಟಫರ್ ಎಂದರೆ ರೂಪಕ, ಹೈಪರ್ಬಲಿ ಎಂದರೆ ಅತಿಶಯೋಕ್ತಿ, ರೈಮ್ ಎಂದರೆ ಪ್ರಾಸ, ಐರನಿ ಎಂದರೆ ವ್ಯಂಗ್ಯ. ಪರೀಕ್ಷೆಯ ದೃಷ್ಟಿಯಿಂದ ಇಷ್ಟು ಸಾಕು. ಆದರೆ ಈ ಸಮೀಕರಣಗಳಲ್ಲಿ ಒಂದೂ ಪೂರ್ತಿ ಸರಿಯಲ್ಲ. ಕೆಲವಂತೂ ಓದಿನ ದಿಕ್ಕನ್ನೇ ತಪ್ಪಿಸುತ್ತವೆ. ಗಡಿಯಾಚೆಯ ಕನ್ನಡ ವಿದ್ಯಾರ್ಥಿಯ ಮಟ್ಟಿಗೆ ತೊಡಕು ಇನ್ನೂ ಹೆಚ್ಚಿನದು. ಅವನ ಮುಂದೆ ಇರುವುದು ಎರಡು ಪರಿಭಾಷೆಗಳಲ್ಲ, ಮೂರು. ಆ ಮೂರನೆಯದಾದ ರಾಜ್ಯಭಾಷೆಯ ಪರಿಭಾಷೆಯನ್ನು ನಮ್ಮ ವಿಮರ್ಶೆ ಈವರೆಗೆ ಸಾಕಷ್ಟು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂಬುದು ಈ ಲೇಖನದ ಆಕ್ಷೇಪ.

ಮೊದಲು ಪ್ರಾಸವನ್ನೇ ತೆಗೆದುಕೊಳ್ಳೋಣ. ಹಳಗನ್ನಡ, ನಡುಗನ್ನಡ ಪದ್ಯಗಳಲ್ಲಿ ಪ್ರಾಸವೆಂದರೆ ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನಸಾಮ್ಯ, ಅಂದರೆ ಆದಿಪ್ರಾಸ. ಇಂಗ್ಲಿಷಿನ ರೈಮ್ ಸಾಲಿನ ಕೊನೆಯ ಧ್ವನಿಸಾಮ್ಯ. ಒಂದು ಸಾಲಿನ ಬಾಗಿಲಲ್ಲಿದೆ, ಇನ್ನೊಂದು ಹಿತ್ತಿಲಲ್ಲಿದೆ. ಒಂದರಲ್ಲಿ ಸ್ವರ ಬದಲಾದರೂ ವ್ಯಂಜನ ನಿಲ್ಲಬೇಕು. ಇನ್ನೊಂದರಲ್ಲಿ ಸ್ವರವೇ ಮುಖ್ಯ. ಸಂಸ್ಕೃತ ಲಾಕ್ಷಣಿಕರಿಗೆ ಕಡ್ಡಾಯವಲ್ಲದ ಈ ನಿಯಮವನ್ನು ಕನ್ನಡದ ಚೆಲುವೆಂದು ಗುರುತಿಸಿ ಅದಕ್ಕೆ ಲಕ್ಷಣ ಹೇಳಿದ್ದು ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'.

ಈ ಭೇದವನ್ನು ಮರೆತರೆ ಗಡಿನಾಡಿನ ಸಾಹಿತ್ಯಚರಿತ್ರೆಯ ಒಂದು ಮುಖ್ಯ ಘಟನೆಯೇ ಅರ್ಥವಾಗದೆ ಹೋಗುತ್ತದೆ. ಮಂಜೇಶ್ವರದ ಗೋವಿಂದ ಪೈಗಳು 1911ರ ಸುಮಾರಿಗೆ ಪ್ರಾಸವನ್ನು ತೊರೆದರು ಎಂಬುದು ಎಲ್ಲರೂ ಹೇಳುವ ಮಾತು. ಇದನ್ನು ಇಂಗ್ಲಿಷಿನಲ್ಲಿ 'ರೈಮನ್ನು ತೊರೆದರು' ಎಂದು ಬರೆದ ಕೂಡಲೇ ಓದುಗನ ಕಣ್ಣ ಮುಂದೆ ಬರುವುದು ಮಿಲ್ಟನ್ನನ ಬ್ಲಾಂಕ್ ವರ್ಸ್. ಪೈಗಳು ಬಿಟ್ಟದ್ದು ದ್ವಿತೀಯಾಕ್ಷರದ ನಿರ್ಬಂಧವನ್ನು. ಅದನ್ನು ಬಿಟ್ಟವರು ಅಂತ್ಯಪ್ರಾಸವನ್ನೂ ಬಿಡಬೇಕೆಂದೇನಿಲ್ಲ. ಬಿ.ಎಂ.ಶ್ರೀಯವರ 'ಇಂಗ್ಲಿಷ್ ಗೀತಗಳು' ಆದಿಪ್ರಾಸದ ಹಂಗಿಲ್ಲದೆ ಅಂತ್ಯಪ್ರಾಸವನ್ನು ಧಾರಾಳವಾಗಿ ಬಳಸಿಕೊಂಡಿತು. ಹೀಗಿರುವಾಗ ನವೋದಯದ ಛಂದೋಕ್ರಾಂತಿಯನ್ನು ಒಂದೇ ಉಸಿರಿನಲ್ಲಿ 'ಪ್ರಾಸವನ್ನು ಬಿಟ್ಟದ್ದು' ಎಂದೂ 'ರೈಮನ್ನು ತಂದದ್ದು' ಎಂದೂ ಹೇಳಬಹುದು, ಎರಡೂ ನಿಜ. ಪ್ರಾಸವನ್ನೂ ರೈಮನ್ನೂ ಒಂದೆಂದು ಕಲಿತ ವಿದ್ಯಾರ್ಥಿಗೆ ಮಾತ್ರ ಈ ಎರಡು ಹೇಳಿಕೆಗಳು ಪರಸ್ಪರ ವಿರುದ್ಧವಾಗಿ ಕಾಣುತ್ತವೆ.

ಇದೇ ಹೊತ್ತಿಗೆ ಮಲಯಾಳದಲ್ಲೂ ಒಂದು ಪ್ರಾಸವಾದ ನಡೆಯಿತು. ಕೇರಳವರ್ಮ ವಲಿಯ ಕೋಯಿತ್ತಂಬುರಾನ್ ಅವರೂ ಅವರ ಸೋದರಳಿಯ ಎ.ಆರ್. ರಾಜರಾಜವರ್ಮರೂ ಎದುರುಬದುರಾದ ಈ ವಿವಾದದ ವಿಷಯವೂ ದ್ವಿತೀಯಾಕ್ಷರಪ್ರಾಸವೇ. ಇಂದು ಕಾಸರಗೋಡಿನ ಕನ್ನಡ ವಿದ್ಯಾರ್ಥಿ ಈ ಎರಡೂ ಚರಿತ್ರೆಗಳ ವಾರಸುದಾರ. ಅವನ ಜಿಲ್ಲೆಯ ಕವಿ ಬಿಟ್ಟುಕೊಟ್ಟದ್ದನ್ನೇ ಅವನ ರಾಜ್ಯದ ಕವಿಗಳು ಬಿಡಬೇಕೋ ಉಳಿಸಿಕೊಳ್ಳಬೇಕೋ ಎಂದು ಚರ್ಚಿಸಿದ್ದರು. ಮಂಜೇಶ್ವರ ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡಕ್ಕೆ ಸೇರಿತ್ತು, ಕೇರಳಕ್ಕೆ ಸೇರಿದ್ದು 1956ರಲ್ಲಿ. ಆದ್ದರಿಂದ ಎರಡು ಚರ್ಚೆಗಳ ನಡುವೆ ನೇರ ಪ್ರಭಾವವಿತ್ತೆಂದು ಹೇಳುವುದು ನನ್ನ ಉದ್ದೇಶವಲ್ಲ. ಎರಡನ್ನೂ ಜೊತೆಗಿಟ್ಟು ಓದುವ ಅನುಕೂಲ ಅವನಿಗಿರುವಷ್ಟು ಧಾರವಾಡದ ಅಥವಾ ತಿರುವನಂತಪುರದ ವಿದ್ಯಾರ್ಥಿಗೆ ಇಲ್ಲ ಎಂಬುದಷ್ಟೇ ನನ್ನ ವಾದ. ಆ ಅನುಕೂಲವನ್ನು ರೈಮ್ ಎಂಬ ಒಂದು ಪದ ಅಳಿಸಿಹಾಕುತ್ತದೆ.

ಉಳಿದ ಗಡಿಗಳಲ್ಲಿ ಇದೇ ಪದದ ಸುತ್ತ ಬೇರೆ ಬೇರೆ ಚಿತ್ರಗಳಿವೆ. ತಮಿಳಿನಲ್ಲಿ ಮೋನೈ, ಎದುಗೈ, ಇಯೈಬು ಎಂದು ಮೂರು ಪ್ರತ್ಯೇಕ ಹೆಸರುಗಳಿವೆ: ಮೊದಲಕ್ಷರದ ಸಾಮ್ಯ, ಎರಡನೆಯ ಅಕ್ಷರದ ಸಾಮ್ಯ, ಕೊನೆಯ ಸಾಮ್ಯ. ನಮ್ಮ ಆದಿಪ್ರಾಸ ಅವರ ಎದುಗೈ. ಇಂಗ್ಲಿಷಿನ ರೈಮ್ ಅವರ ಇಯೈಬು. ಅಲಿಟರೇಶನ್ನಿಗೆ ನಮ್ಮ ಅನುಪ್ರಾಸಕ್ಕಿಂತ ಹತ್ತಿರವಾದದ್ದು ಅವರ ಮೋನೈ. 2006ರ ಕಾಯಿದೆಯ ಅನಂತರ ತಮಿಳುನಾಡಿನ ಶಾಲೆಗಳಲ್ಲಿ ಹಂತಹಂತವಾಗಿ ತಮಿಳು ಕಡ್ಡಾಯವಾಯಿತು. ಅದು ಹೊಸೂರು, ತಾಳವಾಡಿಗಳ ಕನ್ನಡ ಮಕ್ಕಳ ಮೇಲೆ ಹೊರಿಸಿದ ಹೊರೆಯ ಬಗ್ಗೆ ಸಾಕಷ್ಟು ಬರೆಯಲಾಗಿದೆ, ಬರೆಯಲೂಬೇಕು. ಆದರೆ ಆ ಮಗು ಒಲ್ಲದೆ ಕಲಿತ ಪಾಠದಲ್ಲಿಯೇ ತನ್ನ ಕನ್ನಡದ ಪ್ರಾಸವನ್ನು ಸ್ಪಷ್ಟವಾಗಿ ವಿವರಿಸಬಲ್ಲ ಒಂದು ಸಾಧನವಿದೆ ಎಂಬುದನ್ನು ಅದಕ್ಕೆ ಹೇಳುವವರಿಲ್ಲ.

ಆಂಧ್ರದ ಗಡಿಯಲ್ಲಿ, ಅಂದರೆ ಆದವಾನಿ, ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ, ಪ್ರಾಸ ತೊಂದರೆ ಕೊಡುವುದಿಲ್ಲ. ತೆಲುಗಿನಲ್ಲೂ ಅದು ಎರಡನೆಯ ಅಕ್ಷರದ್ದೇ. ತೊಂದರೆ ಕೊಡುವುದು ಯತಿ. ಕನ್ನಡದಲ್ಲಿ ಯತಿಯೆಂದರೆ ಉಸಿರಿನ ನಿಲುಗಡೆ, ಅದನ್ನೂ ನಮ್ಮ ಕವಿಗಳು ಮೀರಿದ್ದೇ ಹೆಚ್ಚು. ತೆಲುಗಿನಲ್ಲಿ ಯತಿಯೆಂದರೆ ಪಾದದ ಮೊದಲಕ್ಷರಕ್ಕೂ ನಿಯತ ಸ್ಥಾನದ ಅಕ್ಷರಕ್ಕೂ ಇರಬೇಕಾದ ಮೈತ್ರಿ. ಒಂದು ಭಾಷೆಯಲ್ಲಿ ಮೌನದ ಹೆಸರಾದದ್ದು ಇನ್ನೊಂದರಲ್ಲಿ ಧ್ವನಿಯ ಹೆಸರು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳಲ್ಲಿ ಯಮಕದ ಸರದಿ. ಸಂಸ್ಕೃತ ಮತ್ತು ಕನ್ನಡ ಲಕ್ಷಣಗ್ರಂಥಗಳಲ್ಲಿ ಯಮಕವೆಂದರೆ ಅದೇ ಅಕ್ಷರಸಮೂಹ ಬೇರೆ ಅರ್ಥದಲ್ಲಿ ಮರುಕಳಿಸುವುದು. ಮರಾಠಿಯ ರೂಢಿಯಲ್ಲಿ ಅದು ಬರಿಯ ಅಂತ್ಯಪ್ರಾಸ. ಹೀಗೆ ಲಿಪಿ ಬೇರೆಯಾದರೂ ಉಚ್ಚಾರ ಒಂದೇ ಆದ ಪದಗಳೇ ವಿದ್ಯಾರ್ಥಿಯನ್ನು ಹೆಚ್ಚು ದಾರಿತಪ್ಪಿಸುತ್ತವೆ. ಅಪರಿಚಿತ ಪದವಾದರೆ ನಿಂತು ಕೇಳುತ್ತಾನೆ. ಪರಿಚಿತ ಪದವಾದರೆ ಕೇಳದೆ ಮುಂದೆ ಹೋಗುತ್ತಾನೆ.

ಶಬ್ದಾಲಂಕಾರಗಳಿಂದ ಅರ್ಥಾಲಂಕಾರಗಳಿಗೆ ಬಂದರೆ ಸಮಸ್ಯೆಯ ಸ್ವರೂಪ ಬದಲಾಗುತ್ತದೆ. ಶಾಲೆಯ ಇಂಗ್ಲಿಷಿನಲ್ಲಿ ಸಿಮಿಲಿಗೆ ಲಕ್ಷಣವೆಂದರೆ ಲೈಕ್ ಅಥವಾ ಆ್ಯಸ್ ಎಂಬ ಪದ ಇರುವುದು. ಕನ್ನಡದ ಪಾಠ ಉಪಮೆಗೆ ನಾಲ್ಕು ಅಂಗಗಳನ್ನು ಕೇಳುತ್ತದೆ: ಉಪಮೇಯ, ಉಪಮಾನ, ಸಮಾನಧರ್ಮ, ಉಪಮಾವಾಚಕ. ಮೆಟಫರಿನ ಎರಡು ಭಾಗಗಳಿಗೆ ಟೆನರ್, ವೆಹಿಕಲ್ ಎಂಬ ಹೆಸರುಗಳನ್ನು ಐ.ಎ. ರಿಚರ್ಡ್ಸ್ ಚಲಾವಣೆಗೆ ತಂದದ್ದು 1936ರಲ್ಲಿ. ಕನ್ನಡ ಶಾಲೆಯ ಹತ್ತನೆಯ ತರಗತಿಯ ಮಗು ಅಂಥದೇ ವಿಭಜನೆಯನ್ನು ಸಮನ್ವಯದ ಹೆಸರಿನಲ್ಲಿ ಬರೆಯುತ್ತದೆ. ಇದಕ್ಕಿಂತ ಮುಖ್ಯವಾದದ್ದು, ವಾಚಕಪದ ಇದ್ದ ಮಾತ್ರಕ್ಕೆ ಉಪಮೆಯಾಗುವುದಿಲ್ಲ ಎಂಬ ಎಚ್ಚರ. ಗವಯವೆಂಬ ಕಾಡುಪ್ರಾಣಿ ಹಸುವಿನಂತಿರುತ್ತದೆ ಎಂಬುದು ಹೋಲಿಕೆಯೇ ಹೊರತು ಅಲಂಕಾರವಲ್ಲ. ಅದರಲ್ಲಿ ಚಮತ್ಕಾರವಿಲ್ಲ ಎನ್ನುತ್ತಾರೆ ನಮ್ಮ ಲಾಕ್ಷಣಿಕರು. 'ಮಗ ಅಪ್ಪನ ಹಾಗೆಯೇ ಇದ್ದಾನೆ' ಎಂಬ ವಾಕ್ಯವನ್ನು ಸಿಮಿಲಿ ಎಂದು ಗುರುತಿಸಿ ಅಂಕ ಪಡೆಯುವ ವಿದ್ಯಾರ್ಥಿಗೆ ಈ ಒಂದು ಪ್ರಶ್ನೆ ಸಾಕು, ಪಟ್ಟಿಯಿಂದ ವಿಮರ್ಶೆಗೆ ದಾಟಲು.

ರೂಪಕದ ವಿಷಯದಲ್ಲಿ ಅಳತೆಗಳೇ ಬೇರೆ. ಅಲಂಕಾರಶಾಸ್ತ್ರದ ಪ್ರಕಾರ ರೂಪಕದಲ್ಲಿ ಉಪಮೇಯ, ಉಪಮಾನ ಎರಡೂ ಕಾಣಬೇಕು, ಅವುಗಳಿಗೆ ಅಭೇದ ಹೇಳಬೇಕು. 'ಅವಳ ಮಾತು ಜೇನು' ಎಂದರೆ ರೂಪಕ. ಮಾತನ್ನು ಹೆಸರಿಸದೆ 'ಸಭೆಯಲ್ಲಿ ಜೇನು ಹರಿಯಿತು' ಎಂದರೆ ಉಪಮಾನವು ಉಪಮೇಯವನ್ನು ನುಂಗಿದೆ, ಅದು ರೂಪಕಾತಿಶಯೋಕ್ತಿ. ಇಂಗ್ಲಿಷಿಗೆ ಎರಡೂ ಮೆಟಫರ್. ಆದರೆ ಅತಿಶಯೋಕ್ತಿಯನ್ನು ಹೈಪರ್ಬಲಿ ಎಂದು ಕಲಿಸಿರುವುದರಿಂದ ಎರಡನೆಯ ವಾಕ್ಯ ಇಂಗ್ಲಿಷಿನ ಬೇರೊಂದು ಖಾನೆಗೆ ಹೋಗಿ ಬೀಳುತ್ತದೆ. ಉತ್ಪ್ರೇಕ್ಷೆಗಂತೂ ಖಾನೆಯೇ ಇಲ್ಲ. 'ಊರನ್ನು ಬಿಟ್ಟುಹೋಗಲು ಮನಸ್ಸಿಲ್ಲವೋ ಎಂಬಂತೆ ಮಂಜು ಕಣಿವೆಯಲ್ಲಿ ನಿಂತಿತು' ಎಂಬಲ್ಲಿ ಇರುವುದು ಹೋಲಿಕೆಯಲ್ಲ, ಸಂಭಾವನೆ. ಇದನ್ನು ಸಿಮಿಲಿ ಎಂದರೆ ಅದರ ಅನಿಶ್ಚಯದ ಸೊಗಸು ಕಳೆದುಹೋಗುತ್ತದೆ. ಮಲಯಾಳ, ಮರಾಠಿ, ತೆಲುಗುಗಳಿಗೆ ಉತ್ಪ್ರೇಕ್ಷೆ ಎಂಬ ಹೆಸರೇ ಇದೆ. ತಮಿಳಿನವರು ಅದನ್ನು ತಮ್ಮದೇ ಮಾತಿನಲ್ಲಿ ತಱ್ಕುಱಿಪ್ಪೇಱ್ಱ ಅಣಿ ಎನ್ನುತ್ತಾರೆ. ನಮ್ಮ ಗಡಿಗಳ ಎರಡೂ ಬದಿಯ ಭಾಷೆಗಳು ಬಲ್ಲ ಒಂದು ಭೇದವು ಇಂಗ್ಲಿಷ್ ತರಗತಿಯೊಳಗೆ ಕಾಲಿಟ್ಟೊಡನೆ ಇಲ್ಲವಾಗುತ್ತದೆ.

ವ್ಯಂಗ್ಯ ಎಂಬ ಪದದ ಪಾಡು ಇನ್ನೂ ವಿಚಿತ್ರ. ಇಂದಿನ ಕನ್ನಡದಲ್ಲಿ ಅದು ಚುಚ್ಚುಮಾತು. ವ್ಯಂಗ್ಯಚಿತ್ರ ಎಂಬಲ್ಲಿ ಅದೇ ಅರ್ಥ. ವಿಮರ್ಶೆಯಲ್ಲಿ ಅದು ಐರನಿ. ಆನಂದವರ್ಧನನ ಪರಂಪರೆಯಲ್ಲಿ ವ್ಯಂಗ್ಯವೆಂದರೆ ವ್ಯಂಜನಾಶಕ್ತಿಯಿಂದ ಹೊಳೆಯುವ ಅರ್ಥ, ಅಂದರೆ ಧ್ವನಿಯ ಜೀವಾಳ, ಅದರಲ್ಲಿ ಪರಿಹಾಸ್ಯವಿರಬೇಕಾಗಿಲ್ಲ. ಪ್ರೌಢಶಾಲೆಯಲ್ಲಿ ವ್ಯಂಗ್ಯವನ್ನು ಐರನಿಯೆಂದು ಕಲಿತವರು ಸ್ನಾತಕೋತ್ತರ ತರಗತಿಯಲ್ಲಿ ಧ್ವನಿಸಿದ್ಧಾಂತವನ್ನು ಓದುವಾಗ ಆನಂದವರ್ಧನನನ್ನು ವಿಡಂಬನೆಯ ಮೀಮಾಂಸಕನನ್ನಾಗಿ ಮಾಡಿಬಿಡುವ ಅಪಾಯವಿದೆ. ಹೊಗಳಿಕೆಯ ಸೋಗಿನ ತೆಗಳಿಕೆಗೆ ನಮ್ಮಲ್ಲಿ ವ್ಯಾಜಸ್ತುತಿ ಎಂಬ ನಿಖರವಾದ ಹೆಸರಿದೆ. ಐರನಿಯ ಒಂದು ಭಾಗವನ್ನು ಅದು ಸಮರ್ಥವಾಗಿ ಹಿಡಿಯುತ್ತದೆ. ನಾಟಕದಲ್ಲಿ ಪ್ರೇಕ್ಷಕನಿಗೆ ತಿಳಿದದ್ದು ಪಾತ್ರಕ್ಕೆ ತಿಳಿಯದಿರುವ ಐರನಿಯನ್ನು ಅದು ಹಿಡಿಯಲಾರದು.

ಆನಮಟೊಪಿಯದ ಉದಾಹರಣೆ ಮತ್ತೊಂದು ಬಗೆಯದು. ಇಂಗ್ಲಿಷ್ ಪಟ್ಟಿಯಲ್ಲಿ ಅದು ಕವಿಯ ತಂತ್ರ. ಕನ್ನಡದಲ್ಲಿ ಜುಳುಜುಳು, ಧಗಧಗ, ಪಟಪಟ ಮೊದಲಾದವು ಅನುಕರಣಾವ್ಯಯಗಳು. ಅವು ವ್ಯಾಕರಣದ ಪಾಠದಲ್ಲಿವೆ, ದಿನದ ಮಾತಿನಲ್ಲಿವೆ. ಎಂ.ಬಿ. ಎಮನೋ 1969ರಲ್ಲಿ ತೋರಿಸಿದಂತೆ ಈ ಬಗೆಯ ಪದರಚನೆ ಭಾರತೀಯ ಭಾಷಾವಲಯದ ಸಾಮಾನ್ಯ ಲಕ್ಷಣ. ಥಳಥಳ ಎಂಬಂಥವು ಶಬ್ದವನ್ನಲ್ಲ, ನೋಟವನ್ನು ಅನುಕರಿಸುತ್ತವೆ. ಅವಕ್ಕೆ ಇಂಗ್ಲಿಷ್ ಪಟ್ಟಿಯಲ್ಲಿ ಎಡೆಯಿಲ್ಲ. ಹಾಗಾದರೆ ಕವಿಯೊಬ್ಬ ಇಂಥ ಪದವನ್ನು ಬಳಸಿದಾಗ ಅದು ಅಲಂಕಾರವೋ ಬರಿಯ ಭಾಷೆಯೋ? ಈ ಪ್ರಶ್ನೆ ಎರಡು ಪಾಠಗಳನ್ನು ಕೂಡಿಸಿದಾಗ ಮಾತ್ರ ಹುಟ್ಟುತ್ತದೆ.

ಇಲ್ಲಿ ಒಂದು ಮರುವಾದವನ್ನು ಎದುರಿಸಬೇಕು. ಅಲಂಕಾರಗಳ ಪಾಠವೂ ಕಂಠಪಾಠವೇ ಅಲ್ಲವೇ? ಹೌದು. ಲಕ್ಷಣ ಬರೆದು, ಸಮನ್ವಯ ಬರೆದು, 'ಆದ್ದರಿಂದ ಇದು ಉಪಮಾಲಂಕಾರ' ಎಂದು ಮುಗಿಸುವ ಉತ್ತರ ಆ ಕವಿತೆಯಲ್ಲಿ ಆ ಹೋಲಿಕೆ ಏಕೆ ಬೇಕಾಯಿತೆಂದು ಹೇಳುವುದಿಲ್ಲ. ಆದ್ದರಿಂದ ಇಂಗ್ಲಿಷ್ ಪಟ್ಟಿಯ ಬದಲಿಗೆ ಸಂಸ್ಕೃತಮೂಲದ ಪಟ್ಟಿಯನ್ನು ಕೂರಿಸಬೇಕೆಂಬ ವಾದ ನನ್ನದಲ್ಲ. ನವ್ಯ ವಿಮರ್ಶೆ ಪ್ರತಿಮೆ, ಸಂಕೇತ ಎಂಬ ಪದಗಳಿಗೆ ಹೊಸ ಅರ್ಥ ತುಂಬಿ ಬಳಸದೆ ಇದ್ದಿದ್ದರೆ ಇಪ್ಪತ್ತನೆಯ ಶತಮಾನದ ಕನ್ನಡ ಕವಿತೆಯನ್ನು ಓದುವುದೇ ಕಷ್ಟವಾಗುತ್ತಿತ್ತು. ಪರಭಾಷೆಯ ಪರಿಭಾಷೆ ಬೇಕು. ಅದರ ಗಡಿರೇಖೆ ಎಲ್ಲಿದೆ ಎಂಬ ಅರಿವೂ ಜೊತೆಗೇ ಬೇಕು.

ಈ ಕೆಲಸಕ್ಕೆ ನಮ್ಮಲ್ಲಿ ಮಾದರಿಯಿದೆ. 'ಕವಿರಾಜಮಾರ್ಗ'ಕಾರನು ದಂಡಿಯ 'ಕಾವ್ಯಾದರ್ಶ'ವನ್ನು ಆಧಾರವಾಗಿಟ್ಟುಕೊಂಡನು. ಆದರೆ ಸಮಾನಪದಗಳ ಪಟ್ಟಿ ಕೊಟ್ಟು ಸುಮ್ಮನಾಗಲಿಲ್ಲ. ಸಂಸ್ಕೃತ, ಕನ್ನಡ ಪದಗಳ ಸಮಾಸ ಎಲ್ಲಿ ಒಗ್ಗುತ್ತದೆ, ಎಲ್ಲಿ ಒಗ್ಗದು ಎಂದು ಪರೀಕ್ಷಿಸಿದನು; ಪ್ರಾಸದಲ್ಲಿ ಕನ್ನಡದ ದಾರಿ ಬೇರೆಯೆಂದನು. ಕನ್ನಡ ನಾಡಿನ ಎಲ್ಲೆಯನ್ನು ನದಿಗಳಿಂದ ಗುರುತಿಸಿದ ಗ್ರಂಥವೇ ಪದಗಳ ಎಲ್ಲೆಯನ್ನೂ ಗುರುತಿಸಿತು. ಅದೇ ದಂಡಿಯು ತಮಿಳಿನಲ್ಲಿ 'ದಂಡಿಯಲಂಕಾರಂ' ಆದನು. ಅಂದರೆ ತಾಳವಾಡಿಯ ವಿದ್ಯಾರ್ಥಿ ಎರಡು ತರಗತಿಗಳಲ್ಲಿ ಬೇರೆ ಬೇರೆಯಾಗಿ ಕಲಿಯುವ ಅಲಂಕಾರಗಳ ಹಿಂದೆ ಒಬ್ಬನೇ ಲಾಕ್ಷಣಿಕನಿದ್ದಾನೆ.

ಆದ್ದರಿಂದ ಗಡಿನಾಡಿನ ಕನ್ನಡ ಅಧ್ಯಾಪಕರಿಗೆ ಇಂದು ಬೇಕಾದದ್ದು ಇನ್ನೊಂದು ಸಮಾನಪದಕೋಶವಲ್ಲ, ವ್ಯತ್ಯಾಸಕೋಶ. ಮೂವತ್ತು ಪದಗಳು ಸಾಕು. ಪ್ರತಿ ಪದಕ್ಕೂ ಕನ್ನಡ, ಇಂಗ್ಲಿಷ್, ಆಯಾ ರಾಜ್ಯಭಾಷೆ ಈ ಮೂರರ ವ್ಯಾಪ್ತಿ. ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬ ಟಿಪ್ಪಣಿ. ಆ ಊರಿನ ಆಡುಮಾತಿನಿಂದಲೇ ತೆಗೆದ ಒಂದೊಂದು ಉದಾಹರಣೆ. ಕಾಸರಗೋಡಿನ ಕೋಶದಲ್ಲಿ ಪ್ರಾಸದ ನಮೂದು ಪೈಗಳನ್ನೂ ರಾಜರಾಜವರ್ಮರನ್ನೂ ಒಟ್ಟಿಗೆ ಹೆಸರಿಸಲಿ. ಸೊಲ್ಲಾಪುರದ್ದು ಯಮಕದ ಎರಡು ಅರ್ಥಗಳನ್ನು ಅಕ್ಕಪಕ್ಕದಲ್ಲಿಡಲಿ. ರಾಯದುರ್ಗದ್ದು ಯತಿಯಿಂದ ಆರಂಭವಾಗಲಿ. ಗಡಿಯ ಕನ್ನಡವನ್ನು ನಾವು ಬಹುಕಾಲ ಕೊರತೆಯ ಭಾಷೆಯಲ್ಲಿಯೇ ವಿವರಿಸಿದ್ದೇವೆ: ಅಧ್ಯಾಪಕರಿಲ್ಲ, ಪುಸ್ತಕ ಬರಲಿಲ್ಲ, ಮಕ್ಕಳು ಕಡಿಮೆಯಾದರು. ಆ ದೂರುಗಳು ನ್ಯಾಯವಾದವು. ಆದರೆ ಮೂರು ಕಾವ್ಯಪರಿಭಾಷೆಗಳನ್ನು ಏಕಕಾಲಕ್ಕೆ ಬಲ್ಲ ಹದಿನೈದರ ಹುಡುಗಿಯನ್ನು ಕೊರತೆಯ ಪಟ್ಟಿಗೆ ಸೇರಿಸಲಾಗದು. ತೌಲನಿಕ ಸಾಹಿತ್ಯದ ವಿಭಾಗಗಳು ಸಂಶೋಧನ ಪದವಿಯ ಮಟ್ಟದಲ್ಲಿ ಕಟ್ಟಲು ಹೆಣಗುವ ತಿಳಿವಳಿಕೆಯ ಸಾಮಗ್ರಿ ಅವಳ ಶಾಲಾಚೀಲದಲ್ಲಿಯೇ ಇದೆ. ಒಂದು ಪುಸ್ತಕದ ಪ್ರಾಸವನ್ನು ಇನ್ನೊಂದು ಪುಸ್ತಕದ ರೈಮಿನ ಪಕ್ಕದಲ್ಲಿಟ್ಟು, ಇವೆರಡೂ ಒಂದೇ ಏನು ಎಂದು ಅವಳನ್ನು ಕೇಳುವ ಕೆಲಸ ನಮ್ಮದು.