‘ಕಲೆಕ್ಟ್’ ಮಾಡಿ ಮಾಡಿ ಕಳ್ಕೊಂಡಿದ್ದು

ಶಾಲೆಯ ಇಂಗ್ಲಿಷ್ ಪರೀಕ್ಷೆಯಲ್ಲಿ ‘ಸ್ವಂತ ವಾಕ್ಯದಲ್ಲಿ ಬಳಸಿ’ ಅಂತ ಒಂದು ಪ್ರಶ್ನೆ ಬರ್ತಿತ್ತಲ್ಲ, ಅದನ್ನ ಈಗ ಕನ್ನಡದಲ್ಲೇ ಮಾಡಿ ನೋಡೋಣ. ಪದ: ಕಲೆಕ್ಟ್. ಬೆಂಗಳೂರಿನ ಯಾವ ಆಫೀಸಿನಲ್ಲಾದರೂ ಕಿವಿಗೆ ಬೀಳುವ ವಾಕ್ಯಗಳಿವು:

ಸೆಕ್ಯೂರಿಟಿ ಹತ್ರ ಪಾರ್ಸೆಲ್ ಕಲೆಕ್ಟ್ ಮಾಡ್ಕೊ.
ಕ್ಲೈಂಟ್ ಹತ್ರ ರಿಕ್ವೈರ್‌ಮೆಂಟ್ಸ್ ಕಲೆಕ್ಟ್ ಮಾಡಿದ್ರಾ?
ಫೇರ್‌ವೆಲ್ ಗಿಫ್ಟ್‌ಗೆ ತಲೆಗೆ 200 ಕಲೆಕ್ಟ್ ಮಾಡ್ತಿದೀವಿ.
ಬೇಸ್‌ಮೆಂಟಲ್ಲಿ ನೀರು ಕಲೆಕ್ಟ್ ಆಗಿದೆ.
ಮಗೂನ ಡೇಕೇರಿಂದ ಕಲೆಕ್ಟ್ ಮಾಡ್ಬೇಕು, ಹೊರಟೆ.

ಐದು ವಾಕ್ಯ, ಐದು ಬೇರೆ ಬೇರೆ ಕೆಲಸ, ಕ್ರಿಯಾಪದ ಮಾತ್ರ ಒಂದೇ.

ಇಂಗ್ಲಿಷ್ ಪದ ಬಂತು, ಕನ್ನಡ ಕೆಟ್ಟಿತು ಅಂತ ಗೋಳಾಡೋದು ಈ ಬರಹದ ಉದ್ದೇಶ ಅಲ್ಲ. ಮೇಲಿನ ವಾಕ್ಯಗಳಲ್ಲಿ ನಮ್ಮ ವ್ಯಾಕರಣ ಚೆನ್ನಾಗೇ ಕೆಲಸ ಮಾಡ್ತಿದೆ. ಇಂಗ್ಲಿಷಿನಲ್ಲಿ ನೀರು ತಾನಾಗೇ ಸೇರಿದರೂ ‘ಕಲೆಕ್ಟ್’, ನಾವು ಹಿಡಿದಿಟ್ಟರೂ ‘ಕಲೆಕ್ಟ್’. ಕನ್ನಡ ಅಷ್ಟಕ್ಕೆ ಬಿಡಲ್ಲ. ತಾನಾಗೇ ಆದರೆ ‘ಕಲೆಕ್ಟ್ ಆಯ್ತು’, ಯಾರೋ ಮಾಡಿದರೆ ‘ಕಲೆಕ್ಟ್ ಮಾಡಿದ’. ತನಗಾಗಿ ಆದರೆ ‘ಮಾಡ್ಕೊಂಡ’, ಇನ್ನೊಬ್ಬರಿಗಾದರೆ ‘ಮಾಡ್ಕೊಟ್ಟ’, ಮುಂದೆ ಬೇಕಾದೀತು ಅಂತಾದರೆ ‘ಮಾಡಿಟ್ಟ’. ಪರದೇಶದ ಪದಕ್ಕೆ ಇಷ್ಟೆಲ್ಲ ಬಾಲ ಅಂಟಿಸಿ ನಮ್ಮದಾಗಿಸಿಕೊಳ್ಳುವ ಭಾಷೆ ಬಡಭಾಷೆಯೇನಲ್ಲ. ‘ಜಮಾ’, ‘ವಸೂಲಿ’ ಎರಡೂ ಅರಬ್ಬಿ ಮೂಲದವು, ಇವತ್ತು ಅವನ್ನು ಯಾರೂ ಹೊರಗಿನವು ಅನ್ನಲ್ಲ.

ಆದರೆ ಒಂದು ವ್ಯತ್ಯಾಸ ಇದೆ. ‘ವಸೂಲಿ’ ಬಂದಾಗ ಒಂದು ಹೊಸ ಅರ್ಥದ ಛಾಯೆ ತಂದಿತು. ‘ಕಲೆಕ್ಟ್’ ಬಂದಾಗ ಇದ್ದ ಛಾಯೆಗಳೆಲ್ಲ ಅಳಿಸಿಹೋದವು. ಕನ್ನಡದಲ್ಲಿ ಧೂಳು ಕೂರುತ್ತೆ, ನೀರು ನಿಲ್ಲುತ್ತೆ, ಜನ ನೆರೀತಾರೆ, ಮೋಡ ಕವಿಯುತ್ತೆ, ಕೆಲಸ ಬಾಕಿ ಬೀಳುತ್ತೆ, ಸಾಲ ಬೆಳೆಯುತ್ತೆ. ದುಡ್ಡನ್ನ ಕೂಡಿಡ್ತೀವಿ, ಹೂವನ್ನ ಬಿಡಿಸ್ತೀವಿ, ಕಸಾನ ಗುಡ್ಡೆ ಹಾಕ್ತೀವಿ, ಗಣೇಶನ ಹಬ್ಬಕ್ಕೆ ಚಂದಾ ಎತ್ತುತೀವಿ, ಮಗೂನ ಕರ್ಕೊಂಡು ಬರ್ತೀವಿ, ಪಾರ್ಸೆಲ್ ಇಸ್ಕೊಳ್ತೀವಿ. ಈ ‘ಇಸ್ಕೊಳ್ಳೋದು’ ಎಷ್ಟು ಚೆಂದದ ಪದ ನೋಡಿ: ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಅನ್ನೋದು ಅದರೊಳಗೇ ಇದೆ. ಪತ್ರಿಕೆಯವರ ‘ಮಾಹಿತಿ ಕಲೆಹಾಕು’ ಕೂಡ ಇದೆ. ಕೇಳೋಕೆ ‘ಕಲೆಕ್ಟ್’ನ ತಮ್ಮನ ಥರ ಇದ್ದರೂ ಅದು ಅಚ್ಚ ನಮ್ಮದೇ.

ತಮಾಷೆ ಅಂದ್ರೆ, ‘ಕಲೆಕ್ಟ್’ ಪದಕ್ಕೂ ಮೂಲದಲ್ಲಿ ಇಂಥದೇ ಸೂಕ್ಷ್ಮ ಇತ್ತು. ಅದರ ಹಿಂದಿರುವ ಲ್ಯಾಟಿನ್ ಧಾತುವಿಗೆ ಆಯುವುದು ಅನ್ನೋ ಅರ್ಥ ಇದೆ, ಓದುವುದು ಅಂತಲೂ ಇದೆ. ಸೆಲೆಕ್ಟ್, ಎಲೆಕ್ಟ್, ಲೆಕ್ಚರ್ ಎಲ್ಲ ಅದೇ ಬೇರಿನವು. ನಮ್ಮ ‘ಆಯು’ ಕೂಡ ಹಾಗೇ: ನೆಲದಿಂದ ಹೆಕ್ಕುವುದೂ ಅದೇ, ಆರಿಸುವುದೂ ಅದೇ. ‘ಆಯ್ಕೆ’ ಹುಟ್ಟಿದ್ದು ಅಲ್ಲಿಂದ. ಅದಕ್ಕೇ ಕಸದ ಗಾಡಿ ಕಸ ‘ಕಲೆಕ್ಟ್’ ಮಾಡುತ್ತೆ ಅಂದ್ರೂ, ಚಿಂದಿ ಆಯುವವರು ‘ಆಯ್ತಾರೆ’. ಯಾವ ಪ್ಲಾಸ್ಟಿಕ್‌ಗೆ ದುಡ್ಡು ಹುಟ್ಟುತ್ತೆ, ಯಾವುದಕ್ಕಿಲ್ಲ ಅಂತ ಅವರ ಕಣ್ಣು ಓದುತ್ತೆ, ಕೈ ಆರಿಸುತ್ತೆ. ಆ ಕೌಶಲ ‘ವೇಸ್ಟ್ ಕಲೆಕ್ಷನ್’ ಅನ್ನೋ ಮಾತಿನಲ್ಲಿ ಕಾಣಿಸೋದೇ ಇಲ್ಲ.

ಇನ್ನು ಶುದ್ಧ ಕನ್ನಡದ ಹೆಸರಲ್ಲಿ ನಡೆಯೋದು ಇದಕ್ಕಿಂತ ವಾಸಿಯೇನಲ್ಲ. ಅನುವಾದ ಮಾಡುವವರ ಕೈಯಲ್ಲಿ ‘ಕಲೆಕ್ಟ್’ಗೆ ಒಂದೇ ಉತ್ತರ: ‘ಸಂಗ್ರಹಿಸು’. ‘ಕೌಂಟರಿನಲ್ಲಿ ನಿಮ್ಮ ಟೋಕನ್ ಸಂಗ್ರಹಿಸಿ’ ಅಂದ್ರೆ ನಾನೇನು ಟೋಕನ್ ಮ್ಯೂಸಿಯಂ ಇಡಬೇಕಾ? ‘ಟೋಕನ್ ಪಡೆಯಿರಿ’ ಅಥವಾ ‘ತಗೊಳ್ಳಿ’ ಅಂದ್ರೆ ಸಾಕಿತ್ತು. ಇಂಗ್ಲಿಷಿನ ಒಂದು ಪದ ತೆಗೆದು ಸಂಸ್ಕೃತದ ಒಂದು ಪದ ಕೂರಿಸಿದರೆ ಅದೇ ರೋಡ್‌ರೋಲರ್‌ಗೆ ಬೇರೆ ಬಣ್ಣ ಹೊಡೆದಂತೆ.

ಟೋಕನ್ ವಿಷಯಕ್ಕೆ ನಕ್ಕು ಸುಮ್ಮನಾಗಬಹುದು. ಆದರೆ ಎರಡು ಕಡೆ ಈ ಪದ ನಿಜವಾಗ್ಲೂ ಕಾಡುತ್ತೆ.

ಒಂದು, ಸಾಲ. ಹಳ್ಳಿ ಮನೆಗಳ ಬಾಗಿಲಿಗೆ ವಾರ ವಾರ ಬರುವ ಮೈಕ್ರೋಫೈನಾನ್ಸ್ ಹುಡುಗನ ಕೆಲಸದ ಹೆಸರು ‘ಕಲೆಕ್ಷನ್’. ಕೇಳೋಕೆ ಅಂಚೆಚೀಟಿ ಕೂಡಿಡುವ ಹವ್ಯಾಸದಷ್ಟೇ ಮೃದು. ಕೆಲವು ಕಡೆ ಅದು ಮನೆ ಮುಂದೆ ಕೂತು ಮಾನ ಕಳೆಯುವ ಮಟ್ಟಕ್ಕೆ ಹೋಗಿದ್ದರಿಂದಲೇ 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯ್ತು. ಸಾಲಗಾರರಿಗೆ ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಇಂಥ ಕೆಲಸಕ್ಕೆ ಕನ್ನಡದ ಬೀದಿಯಲ್ಲಿರುವ ಹೆಸರು ‘ವಸೂಲಿ’. ಆ ಪದದಲ್ಲಿ ಕೊಡುವವನ ಮೇಲಿನ ಒತ್ತಡ ಕೇಳಿಸುತ್ತೆ. ‘ಕಲೆಕ್ಷನ್’ ಅಂದಾಗ ತಗೊಳ್ಳುವವನು ಮಾತ್ರ ಕಾಣ್ತಾನೆ, ಕೊಡುವವಳು ವಾಕ್ಯದಿಂದ ಮಾಯ.

ಎರಡು, ಡೇಟಾ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ನಿಮ್ಮ ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ನಿಮಗಿರಬೇಕು. ಅದರಲ್ಲಿ ಕನ್ನಡವೂ ಒಂದು. ಕಾಯ್ದೆಯ ಇಂಗ್ಲಿಷಿನಲ್ಲಿ ಕಲೆಕ್ಷನ್ ಬೇರೆ, ಸ್ಟೋರೇಜ್ ಬೇರೆ. ಫೋನನ್ನು ಕನ್ನಡಕ್ಕೆ ಹಾಕಿಕೊಂಡು ನೋಡಿ, ಸ್ಟೋರೇಜ್‌ಗೆ ‘ಸಂಗ್ರಹಣೆ’ ಅಂತಿರುತ್ತೆ. ಕಲೆಕ್ಟ್‌ಗೂ ‘ಸಂಗ್ರಹಿಸು’ ಅಂತಲೇ ಬರೆದರೆ, ಆ್ಯಪ್ ನನ್ನ ಲೊಕೇಶನ್ ಒಮ್ಮೆ ನೋಡಿ ಬಿಡುತ್ತಾ, ವರ್ಷಗಟ್ಟಲೆ ಇಟ್ಕೊಳ್ಳುತ್ತಾ ಅನ್ನೋದು ಓದುವವರಿಗೆ ಹೇಗೆ ಗೊತ್ತಾಗಬೇಕು? ‘ನಿಮ್ಮಿಂದ ಇದನ್ನು ತೆಗೆದುಕೊಳ್ಳುತ್ತೇವೆ, ಇಷ್ಟು ದಿನ ಇಟ್ಟುಕೊಳ್ಳುತ್ತೇವೆ’ ಅಂತ ಬರೆಯೋಕೆ ಯಾವ ಪಂಡಿತರೂ ಬೇಕಿಲ್ಲ. ಹಾಗೆ ಬರೆದರೆ ‘ಒಪ್ಪಿಗೆ’ ಒತ್ತುವ ಮುಂಚೆ ಜನ ಒಂದು ಕ್ಷಣ ಯೋಚನೆ ಮಾಡ್ತಾರೆ.

ಈ ನೋಟಿಸುಗಳನ್ನ, ಆ್ಯಪಿನ ಪರದೆಗಳನ್ನ, ಸಾಲದ ಫಾರ್ಮುಗಳನ್ನ ಬರೆಯೋರು, ಟೆಸ್ಟ್ ಮಾಡೋರು, ಅಪ್ರೂವ್ ಮಾಡೋರು ಇದನ್ನು ಓದ್ತಿರೋ ನಮ್ಮಂಥವರೇ. ಕ್ಯಾಂಟೀನಲ್ಲಿ ಕಲೆಕ್ಟ್ ಮಾಡ್ಕೊಳ್ಳಿ, ಯಾರೂ ಬೇಡ ಅನ್ನಲ್ಲ. ಬರೆಯುವಾಗ ಮಾತ್ರ ಮೂರು ಪ್ರಶ್ನೆ ಕೇಳ್ಕೊಳ್ಳಿ: ಯಾರಿಂದ? ಯಾರಿಗಾಗಿ? ವಾಪಸ್ ಕೊಡೋದು ಉಂಟಾ? ಉತ್ತರ ಸಿಕ್ಕಿದ ಮೇಲೆ ಅದಕ್ಕೆ ಹೊಂದುವ ಕ್ರಿಯಾಪದ ಹುಡುಕಿ. ಅಡುಗೆಮನೆ, ಹೊಲ, ಸಂತೆಗಳಲ್ಲಿ ಅಂಥವು ಇನ್ನೂ ರಾಶಿ ಬಿದ್ದಿವೆ.